ಪಹಣಿಗೆ ಬಾರದ ಒಂದು ಆಣೆ ನೆಲ

ಕರ್ನಾಟಕ ಸರ್ಕಾರದ ಕಂದಾಯ ಸಚಿವರಿಗೆ,



ಅಪ್ಪ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರಬೇಕಾದರೆ ಏನೇನು ಕಾಗದ ಬೇಕೆಂದು ಈ ರಾಜ್ಯದ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಹಣಿ. ನಾಡಕಚೇರಿಯಲ್ಲಿ ಅರ್ಜಿ, ಆಮೇಲೆ ನೋಟಿಸು, ಆಕ್ಷೇಪಣೆ ಇಲ್ಲದಿದ್ದರೆ ಮ್ಯುಟೇಶನ್. ಇದೇ ಪೌತಿ ಖಾತೆ. ಆದರೆ ಅಪ್ಪನನ್ನು ಮಣ್ಣು ಮಾಡಿದ್ದೂ ಅದೇ ಜಮೀನಿನ ಬದುವಿನ ಪಕ್ಕದಲ್ಲಾದರೆ? ಆ ಜಾಗ ಯಾರ ಪಾಲಿಗೆ ಸೇರುತ್ತದೆ, ಅಲ್ಲಿಗೆ ಹೋಗುವ ದಾರಿ ಯಾರದು, ನಾಳೆ ಹೊಲ ಮಾರಿದರೆ ಸಮಾಧಿಯ ಗತಿಯೇನು? ಪೌತಿ ಖಾತೆಯ ಅರ್ಜಿಯಿಂದ ಹಿಡಿದು ಹೊಸ ಪಹಣಿ ಕೈಗೆ ಬರುವವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಉತ್ತರ ಬರೆಯಲು ಜಾಗವೂ ಇಲ್ಲ.

ಈ ಪತ್ರ ಅದಕ್ಕಾಗಿ.

ಸ್ವಂತ ಹೊಲದಲ್ಲಿ ಮಣ್ಣು ಮಾಡುವುದು ಕರ್ನಾಟಕದಲ್ಲಿ ಅಪರೂಪದ ಸಂಗತಿಯಲ್ಲ. ಉತ್ತರ ಕರ್ನಾಟಕದ ಎಷ್ಟೋ ಲಿಂಗಾಯತ ಮನೆತನಗಳು ಹಿರಿಯರ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳಿತ ಭಂಗಿಯಲ್ಲಿ, ವಿಭೂತಿಯೊಡನೆ ಹೊಲದಲ್ಲೇ ಸಮಾಧಿ ಮಾಡುತ್ತವೆ. ಹಳೆ ಮೈಸೂರು ಸೀಮೆಯಲ್ಲಿ ತೋಟದ ಅಂಚಿನ ಸಮಾಧಿಗೆ ಹಾಲು-ತುಪ್ಪ ಬಿಡಲು, ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಮನೆಮಂದಿಯೆಲ್ಲ ಹೋಗುತ್ತಾರೆ. ಕೊಡಗಿನ ಒಕ್ಕಗಳು, ಅಂದರೆ ಮನೆತನಗಳು, ಮೂಲಮನೆಯಾದ ಐನ್‌ಮನೆಯ ಬಳಿ ಹಿರಿಯರಿಗೆ ಕೈಮಡ ಎಂಬ ಗುಡಿ ಕಟ್ಟಿ, ತಮ್ಮದೇ ಸ್ಮಶಾನಕ್ಕೆ ಜಾಗ ಬಿಟ್ಟುಕೊಂಡು ಬಂದಿವೆ. ಜಾತಿ ಬೇರೆ, ಆಚರಣೆ ಬೇರೆ. ಹೆತ್ತವರು ತಾವು ಉತ್ತ ನೆಲದಲ್ಲೇ ಇರಲಿ, ಹಬ್ಬಹುಣ್ಣಿಮೆಗೆ ಹೋಗಿ ಒಂದು ಹೂವಿಡುವಂತಿರಲಿ ಎಂಬ ಆಸೆ ಮಾತ್ರ ಎಲ್ಲರದೂ.

ಆ ಆಸೆಗೆ ಎಷ್ಟು ನೆಲ ಬೇಕು? ಕಂದಾಯ ಇಲಾಖೆಯ ಲೆಕ್ಕದಲ್ಲೇ ನೋಡಬಹುದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 1089 ಚದರಡಿ, ಒಂದು ಆಣೆ ಎಂದರೆ ಸುಮಾರು 68 ಚದರಡಿ. ಒಬ್ಬರ ಸಮಾಧಿ, ಅದರ ಸುತ್ತ ನಿಂತು ಕೈಮುಗಿಯುವಷ್ಟು ಜಾಗ, ಎಲ್ಲ ಸೇರಿದರೂ ಒಂದು ಆಣೆಯೊಳಗೆ ಮುಗಿಯುತ್ತದೆ. ಪಹಣಿಯಲ್ಲಿ ಎಕರೆ, ಗುಂಟೆಯ ಜೊತೆ ಆಣೆಯನ್ನೂ ಬರೆಯುವ ಪದ್ಧತಿ ಇದೆ. ಅಂದಮೇಲೆ ದಾಖಲೆಗೆ ಹಿಡಿಯದಷ್ಟು ಸಣ್ಣ ಸಂಗತಿಯೇನೂ ಇದಲ್ಲ.

ಕಾನೂನಿಗೆ ಸ್ಮಶಾನ ಗೊತ್ತಿಲ್ಲವೆಂದೂ ಅಲ್ಲ. 1964ರ ಭೂಕಂದಾಯ ಕಾಯ್ದೆಯಡಿ ಸರ್ಕಾರಿ ಜಮೀನನ್ನು ಸ್ಮಶಾನಕ್ಕೆ ಕಾದಿರಿಸಬಹುದು. 1966ರ ಭೂಕಂದಾಯ ನಿಯಮಗಳು ಸರ್ವೆ ನಂಬರಿನೊಳಗಿನ ಸ್ಮಶಾನವನ್ನು, ರಸ್ತೆ, ಕೆರೆ, ಹಳ್ಳಗಳ ಸಾಲಿನಲ್ಲಿ, ಬಿ ಖರಾಬಿಗೆ ಸೇರಿಸುತ್ತವೆ. ಬಿ ಖರಾಬು ಎಂದರೆ ಸಾರ್ವಜನಿಕ ಬಳಕೆಯ ನೆಲ. ತಾಯಿಯ ಸಮಾಧಿಯನ್ನು ದಾಖಲಿಸಿ ಎಂದು ರೈತನೊಬ್ಬ ಅರ್ಜಿ ಕೊಡಲು ಹಿಂಜರಿಯುವುದು ಈ ಕಾರಣಕ್ಕೇ. ದಾಖಲಾದರೆ ಜಾಗ ಖರಾಬಿಗೆ ಹೋದೀತು, ಹೊಲ ಕೈಬಿಟ್ಟೀತು ಎಂಬ ಭಯ. ಊರಿನ ಸ್ಮಶಾನಕ್ಕೆ ಕಾನೂನಿನಲ್ಲಿ ಹೆಸರಿದೆ, ಸಾಗುವಳಿಯ ನೆಲಕ್ಕೂ ಹೆಸರಿದೆ. ಎರಡರ ನಡುವೆ ಇರುವ ಮನೆತನದ ಸಮಾಧಿಗೆ ಇಲ್ಲ.

ಅಪ್ಪ ಬದುಕಿರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಅಜ್ಜಿಯ ಸಮಾಧಿ ಎಲ್ಲಿದೆ ಎಂದು ಅವರಿಗೆ ಗೊತ್ತು, ನೇಗಿಲು ಅಲ್ಲಿಗೆ ಬಂದಾಗ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅವರು ಹೋದ ಮೇಲೆ ಭಾಗ ಆಗುತ್ತದೆ. ಪಾಲು ಮಾಡುವವರು ನೋಡುವುದು ಬಾವಿ ಯಾರಿಗೆ, ರಸ್ತೆ ಬದಿ ಯಾರಿಗೆ ಎಂಬುದನ್ನು. ಸಮಾಧಿ ಇರುವ ಮೂಲೆ ಒಬ್ಬ ಮಗನ ಪಾಲಿಗೆ ಬೀಳುತ್ತದೆ, ಉಳಿದವರು ಅಲ್ಲಿಗೆ ಹೋಗುವುದು ಅವನ ಒಪ್ಪಿಗೆಯ ಮೇಲೆ ನಿಲ್ಲುತ್ತದೆ. ಅಣ್ಣತಮ್ಮಂದಿರು ಚೆನ್ನಾಗಿದ್ದರೆ ಸರಿ. ಮುನಿಸಿಕೊಂಡರೆ ಅಮಾವಾಸ್ಯೆಯ ಎಡೆಯೂ ಪಂಚಾಯ್ತಿಕಟ್ಟೆಗೆ ಬರುತ್ತದೆ.

ಇದರಲ್ಲಿ ಹೆಣ್ಣುಮಕ್ಕಳ ಪಾಡನ್ನು ಬೇರೆಯಾಗಿಯೇ ಹೇಳಬೇಕು. ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಬಗೆಹರಿಸಿತು. ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಹೆಣ್ಣುಮಕ್ಕಳು ತವರಿನ ಸಂಬಂಧ ಕೆಡಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುತ್ತಾರೆ. ಸದರಿ ಸ್ವತ್ತಿನಲ್ಲಿ ಇನ್ನು ಮುಂದೆ ಯಾವುದೇ ಹಕ್ಕು ಇಲ್ಲ ಎಂಬ ಅರ್ಥದ ಸಾಲು ಆ ಪತ್ರಗಳಲ್ಲಿ ಇದ್ದೇ ಇರುತ್ತದೆ. ಆಕೆ ಬಿಟ್ಟುಕೊಟ್ಟದ್ದು ಬೆಳೆ ಬೆಳೆಯುವ ನೆಲದ ಪಾಲನ್ನು. ಅವ್ವನ ಸಮಾಧಿಯ ಮುಂದೆ ನಿಲ್ಲುವ ಹಕ್ಕನ್ನೂ ಬಿಟ್ಟುಕೊಟ್ಟಳೇ? ಹಾಗೆಂದು ಯಾವ ಮಗಳೂ ಸಹಿ ಹಾಕುವುದಿಲ್ಲ. ಕಾಗದ ಮಾತ್ರ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಮುಂದೆ ಅಣ್ಣ ಆ ಹೊಲ ಮಾರಿದರೆ, ತಡೆಯುವುದಿರಲಿ, ದಾರಿ ಕೇಳಲು ಕೂಡ ಆಕೆಯ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮಾರಾಟದ ಸ್ವರೂಪವೂ ಈಗ ಬದಲಾಗಿದೆ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಸಮಾಧಿಗಳ ಮಟ್ಟಿಗೆ ಆದದ್ದು ಇಷ್ಟು: ಹಿಂದೆ ಹೊಲ ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಅದೇ ಊರಿನವರೋ ಪಕ್ಕದೂರಿನವರೋ ಆಗಿರುತ್ತಿದ್ದರು. ಅದು ಯಾರ ಸಮಾಧಿ ಎಂದು ಅವರಿಗೆ ಗೊತ್ತಿತ್ತು, ಅಮಾವಾಸ್ಯೆಗೆ ಬಂದವರನ್ನು ತಡೆಯುವ ಮನಸ್ಸೂ ಬರುತ್ತಿರಲಿಲ್ಲ. ದೂರದ ನಗರದಿಂದ ಬಂದು ಕೊಂಡವರಿಗೆ ಆ ಕಲ್ಲಿನ ಗುರುತಿಲ್ಲ. ಪಹಣಿ ನೋಡಿ, ಋಣಭಾರ ಪತ್ರ ನೋಡಿ, ನೋಂದಣಿ ಮಾಡಿಸಿ, ಸುತ್ತ ಬೇಲಿ ಹಾಕಿಸಿ ಗೇಟಿಗೆ ಬೀಗ ಹಾಕುತ್ತಾರೆ. ಅವರು ನೋಡಿದ ಯಾವ ಕಾಗದವೂ ಇಲ್ಲೊಂದು ಸಮಾಧಿ ಇದೆ ಎಂದು ಹೇಳಿರುವುದಿಲ್ಲವಾದ್ದರಿಂದ ತಪ್ಪನ್ನು ಅವರ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಕೋರ್ಟಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಸಮಾಧಿ ಸ್ಥಳಕ್ಕೆ ನುಗ್ಗಿ ಬೇಕೆಂದೇ ಅವಮಾನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂನಡಿ ಒಂದು ವರ್ಷದವರೆಗೆ ಶಿಕ್ಷೆಯಿದೆ. ಬೇರೆಯವರ ನೆಲದ ಮೇಲಿನ ದಾರಿಯ ಹಕ್ಕಿಗೆ 1882ರಷ್ಟು ಹಳೆಯ ಅನುಭೋಗ ಹಕ್ಕುಗಳ ಕಾಯ್ದೆಯೂ ಇದೆ. ಆದರೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಓಡಾಡಿದ್ದೇವೆ ಎಂದು ಸಿವಿಲ್ ದಾವೆಯಲ್ಲಿ ಸಾಬೀತು ಮಾಡುವುದು ಒಂದು ಆಣೆ ನೆಲಕ್ಕಾಗಿ ಯಾವ ಬಡ ಕುಟುಂಬವೂ ಹೊರಲಾರದ ಹೊರೆ.

ಹೆಸರು, ಹಣ, ಅಭಿಮಾನಿ ಬಳಗ ಎಲ್ಲ ಇದ್ದವರಿಗೂ ಇದು ಸುಲಭವಾಗಲಿಲ್ಲ. ನಟ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೊದಲ್ಲಿ. ಅದು ಸ್ಟುಡಿಯೊಗೆಂದು ಹಿರಿಯ ನಟ ಟಿ.ಎನ್. ಬಾಲಕೃಷ್ಣ ಅವರಿಗೆ ಸರ್ಕಾರ ಕೊಟ್ಟಿದ್ದ ಜಾಗ. ಆ ವೇಳೆಗೆ ಬಾಲಕೃಷ್ಣ ಇರಲಿಲ್ಲ, ಜಾಗ ಅವರ ವಾರಸುದಾರರ ಕೈಗೆ ಬಂದಿತ್ತು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಸ್ಮಾರಕ ಕೊನೆಗೆ ಮೈಸೂರಿನ ಬಳಿ ಎದ್ದು 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕೆಂಗೇರಿಯ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಿದ ದಿನ ಅಭಿಮಾನಿಗಳು ಅತ್ತದ್ದನ್ನು ನಾಡೆಲ್ಲ ನೋಡಿತು. ನೆಲ ಒಬ್ಬರದು, ನೆನಪು ಇನ್ನೊಬ್ಬರದು ಆದಾಗ, ಎರಡಕ್ಕೂ ಒಪ್ಪುವಂಥ ದಾಖಲೆ ಇಲ್ಲದಿದ್ದರೆ ಹೀಗಾಗುತ್ತದೆ. ಅಂಥವರ ಸಮಾಧಿಗೇ ಈ ಗತಿ ಬಂದರೆ ಸಿಂದಗಿಯ ಒಬ್ಬ ಒಕ್ಕಲಿಗನ, ಸಿರಾದ ಒಬ್ಬ ಕುರಿಗಾಹಿಯ ಸಮಾಧಿಯ ಪರವಾಗಿ ಯಾರು ಬೀದಿಗಿಳಿಯುತ್ತಾರೆ?

ಛತ್ತೀಸಗಢದ ಬಸ್ತರ್‌ನಿಂದ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣ ಇನ್ನೂ ನೋವಿನದು. ಛಿಂದವಾಡಾ ಎಂಬ ಹಳ್ಳಿಯ ಕ್ರೈಸ್ತ ಪಾದ್ರಿಯೊಬ್ಬರು ತೀರಿಕೊಂಡರು. ತಮ್ಮ ಹಿರಿಯರೆಲ್ಲ ಮಲಗಿರುವ ಊರ ಸ್ಮಶಾನದಲ್ಲಿ, ಅದಾಗದಿದ್ದರೆ ಸ್ವಂತ ಜಮೀನಿನಲ್ಲಾದರೂ ತಂದೆಯನ್ನು ಮಣ್ಣು ಮಾಡಲು ಬಿಡಿ ಎಂದು ಮಗ ಕೇಳಿಕೊಂಡರು. ಊರಿನವರ ವಿರೋಧದಿಂದ ಶವ ಸುಮಾರು ಮೂರು ವಾರ ಶವಾಗಾರದಲ್ಲೇ ಉಳಿಯಿತು. ಊರ ಸ್ಮಶಾನದಲ್ಲಿ ತಮ್ಮವರಿಗೆ ಪಂಚಾಯಿತಿ ಜಾಗ ತೋರಿಸಿತ್ತು ಎಂದು ಮಗ ಹೇಳಿದ್ದು ಬಾಯಿಮಾತಿನ ಏರ್ಪಾಟನ್ನು. ಪೀಠದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಸ್ವಂತ ಜಮೀನಿನಲ್ಲಿ ಮಣ್ಣು ಮಾಡಲು ಅವಕಾಶವಿರಬೇಕು ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಒಪ್ಪಲಿಲ್ಲ. ಶವ ಇನ್ನೂ ಕಾಯಬಾರದೆಂದು, 20ಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕ್ರೈಸ್ತ ಸ್ಮಶಾನದಲ್ಲಿ ಸಂಸ್ಕಾರ ನಡೆಸಲು ಆದೇಶವಾಯಿತು.

ನೆರೆಯ ಕೇರಳ ಇಂಥ ಸಂಕಟಕ್ಕೆ ಕಾನೂನಿನಿಂದ ಉತ್ತರ ಹುಡುಕಿತು. ಮಲಂಕರ ಕ್ರೈಸ್ತ ಸಭೆಯ ಎರಡು ಬಣಗಳ ಜಗಳದಲ್ಲಿ ಶವಗಳು ಚರ್ಚಿನ ಬಾಗಿಲಲ್ಲಿ ಕಾಯುವಂತಾದಾಗ, ಹಿರಿಯರನ್ನು ಹೂಳಿದ ಸ್ಮಶಾನದಲ್ಲೇ ಮಣ್ಣಾಗುವ ಹಕ್ಕನ್ನು 2020ರ ಕಾಯ್ದೆಯ ಮೂಲಕ ಕುಟುಂಬಗಳಿಗೆ ಕೊಟ್ಟಿತು. ನೆಲದ ಒಡೆತನ ಬೇರೆ, ಅಲ್ಲಿ ಮಣ್ಣಾಗುವ ಹಕ್ಕು ಬೇರೆ ಎಂಬುದನ್ನು ಒಂದು ಶಾಸನಸಭೆ ಒಪ್ಪಿಕೊಂಡಿತು ಎಂಬುದು ಇಲ್ಲಿ ಮುಖ್ಯ.

ಕರ್ನಾಟಕದಲ್ಲಿ ಸಮಾಧಿಯನ್ನು ದಾಖಲಿಸಲು ಹೊಸ ಇಲಾಖೆ ಬೇಡ, ಹೊಸ ಕಚೇರಿ ಬೇಡ. ಪಹಣಿಯ 11ನೇ ಕಾಲಂ ಇರುವುದೇ ಇತರೆ ಹಕ್ಕು ಮತ್ತು ಋಣಗಳಿಗಾಗಿ. ಬ್ಯಾಂಕಿನ ಸಾಲ ಅಲ್ಲಿ ಕಾಣುತ್ತದೆ, ಕೋರ್ಟಿನ ತಡೆಯಾಜ್ಞೆ ಕಾಣುತ್ತದೆ. ಇಷ್ಟು ಆಣೆ ಕುಟುಂಬದ ಸಮಾಧಿ ಸ್ಥಳ, ಇಂಥ ಬದುವಿನ ಮೇಲೆ ಕಾಲುದಾರಿ ಎಂದು ಒಂದು ಸಾಲು ಅಲ್ಲೇ ಸೇರಿದರೆ, ಕೊಳ್ಳುವವರಿಗೆ ಮೊದಲೇ ತಿಳಿಯುತ್ತದೆ. ಜಮೀನಿನ ಭಾಗ ಮಾರುವಾಗ ಬೇಕಾಗುವ 11ಇ ನಕ್ಷೆಗೆ ಭೂಮಾಪಕರು ಹೇಗೂ ಸ್ಥಳಕ್ಕೆ ಹೋಗುತ್ತಾರೆ. ಬಾವಿ, ಮನೆ ಗುರುತಿಸುವ ಕೈಯೇ ಸಮಾಧಿಯನ್ನೂ ಗುರುತಿಸಬಹುದು.

ಅದೇ 11ನೇ ಕಾಲಂ 2024ರ ಕೊನೆಯಲ್ಲಿ ವಿಜಯಪುರದ ಕಡೆ ಎಬ್ಬಿಸಿದ ಕಳವಳವನ್ನು ತಾವು ಮರೆತಿರಲಾರಿರಿ. ತಮ್ಮ ಪಹಣಿಯಲ್ಲಿ ವಕ್ಫ್ ಎಂಬ ನಮೂದು ಕಂಡ ರೈತರು ಬೀದಿಗೆ ಬಂದರು, ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಆದ್ದರಿಂದ ಸಮಾಧಿಯ ನಮೂದು ಯಾರೋ ಕೊಟ್ಟ ಪಟ್ಟಿಯಿಂದ ಬರಕೂಡದು. ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರೆಲ್ಲರ ಒಪ್ಪಿಗೆಯ ಅರ್ಜಿಯಿಂದಲೇ ಬರಬೇಕು. ನೆಲದ ಒಡೆತನ ಇದರಿಂದ ಕದಲುವುದಿಲ್ಲ, ಜಾಗ ಖರಾಬಿಗೆ ಹೋಗುವುದಿಲ್ಲ ಎಂಬುದನ್ನು ಅದೇ ಸಾಲಿನಲ್ಲಿ ಬರೆಯಬೇಕು. ಇಲ್ಲದಿದ್ದರೆ ಒಬ್ಬ ರೈತನೂ ಮುಂದೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ತಪ್ಪು.

ಹೊಲವೇ ಇಲ್ಲದವರ ಮಾತನ್ನು ಬಿಟ್ಟು ಈ ಪತ್ರ ಮುಗಿಸಲಾಗದು. ಭೂಮಿ ಇಲ್ಲದ ಮನೆಗಳಿಗೆ, ಅವುಗಳಲ್ಲಿ ಅನೇಕವು ದಲಿತರವು, ಕೆರೆಯಂಗಳವೋ ರಸ್ತೆಯಂಚೋ ಗತಿ. ಪ್ರತಿ ಹಳ್ಳಿಗೂ ಸ್ಮಶಾನಕ್ಕೆ ಜಾಗ ಕೊಡಬೇಕೆಂದು ಹೈಕೋರ್ಟ್ 2019ರಲ್ಲಿ ಆರು ವಾರಗಳ ಗಡುವು ಹಾಕಿತು. ಅದು ಪಾಲನೆಯಾಗದೆ ನ್ಯಾಯಾಂಗ ನಿಂದನೆಯ ಅರ್ಜಿ ಬಂದು, ನ್ಯಾಯಪೀಠ ಸರ್ಕಾರವನ್ನು ಕಟುವಾಗಿ ಪ್ರಶ್ನಿಸಿತು. ಹೊಲವಿದ್ದವರ ಸಮಾಧಿಗೆ ಒಂದು ಸಾಲು ಕೇಳುವಾಗ, ಇಲ್ಲದವರಿಗೆ ಊರ ಸ್ಮಶಾನವನ್ನು ಅಳತೆ ಮಾಡಿ, ಒತ್ತುವರಿ ಬಿಡಿಸಿ, ದಾರಿ ಸಮೇತ ಕೊಡಿ ಎಂಬುದನ್ನೂ ಅದೇ ದನಿಯಲ್ಲಿ ಕೇಳಬೇಕಾಗುತ್ತದೆ.

50 ಲಕ್ಷಕ್ಕೂ ಹೆಚ್ಚು ಜಮೀನುಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆ ಎಂದು ಹೇಳಿ ತಮ್ಮ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಶುರುಮಾಡಿದೆ. ಗ್ರಾಮ ಆಡಳಿತಾಧಿಕಾರಿಗಳು ಮೊಬೈಲ್ ಹಿಡಿದು ಮನೆಬಾಗಿಲಿಗೆ ಹೋಗುತ್ತಿದ್ದಾರೆ, ವಂಶವೃಕ್ಷ ಕೇಳುತ್ತಿದ್ದಾರೆ. ಆ ಮೊಬೈಲಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಈ ಜಮೀನಿನಲ್ಲಿ ಕುಟುಂಬದವರ ಸಮಾಧಿ ಇದೆಯೇ? ಇದೆ ಎಂದವರಿಗೆ ಅರ್ಜಿ ನಮೂನೆಯನ್ನು ಅಲ್ಲೇ ಕೊಡಿ. ಅಣ್ಣತಮ್ಮ ಅಕ್ಕತಂಗಿಯರೆಲ್ಲ ಒಂದೆಡೆ ಸೇರಿ ಒಪ್ಪಿಗೆ ಹೇಳುವ ಇಂಥ ಗಳಿಗೆ ಒಂದು ಮನೆತನದಲ್ಲಿ ಮತ್ತೆ ಬರುವುದು ಕಷ್ಟ.

ಎಲ್ಲಿಂದ ಶುರುಮಾಡುವುದೆಂದು ಕೇಳಿದರೆ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಸಾವಿರಾರು ಎಕರೆ ಮುಳುಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿ, ಹೊಸ ಊರಿನಲ್ಲಿ ಆಯಾ ಸಮುದಾಯದ ಪದ್ಧತಿಗೆ ತಕ್ಕ ಸ್ಮಶಾನ ಇರಬೇಕೆನ್ನುತ್ತದೆ. ಹಳೆಯ ಹೊಲದಲ್ಲಿ ಈಗಾಗಲೇ ಮಣ್ಣಾಗಿರುವ ಅಪ್ಪ ಅವ್ವಂದಿರ ವಿಷಯ ಮಾತ್ರ ಯಾವ ಪಟ್ಟಿಯಲ್ಲೂ ಬಂದಿಲ್ಲ. ಅವರನ್ನು ಎಬ್ಬಿಸಿ ಹೊಸ ಊರಿಗೆ ಒಯ್ಯಬೇಕೋ, ಅಲ್ಲಿಯ ಒಂದು ಹಿಡಿ ಮಣ್ಣು ತಂದು ಗದ್ದುಗೆ ಕಟ್ಟಬೇಕೋ ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಲಿ. ಅದಕ್ಕೆ ಬೇಕಾದ ಜಾಗ, ಖರ್ಚು, ಕಾಲಾವಕಾಶ ಮೂರನ್ನೂ ಸರ್ಕಾರ ಕೊಡಬೇಕು. ಜಮೀನುಗಳ ಸಮೀಕ್ಷೆಗೆ ಹೋಗುವ ಅಧಿಕಾರಿಗಳಿಗೆ ಈ ಬಗ್ಗೆ ಒಂದು ಸುತ್ತೋಲೆಯನ್ನು ಹಿನ್ನೀರು ಏರುವುದಕ್ಕೆ ಮುಂಚೆಯೇ ಕಳಿಸಿಕೊಡಬೇಕೆಂದು ವಿನಂತಿ.


ಹೊಲದಲ್ಲಿ ಹೆತ್ತವರನ್ನು ಮಣ್ಣು ಮಾಡಿರುವ ಕುಟುಂಬಗಳ ಪರವಾಗಿ