ಚುಕ್ಕಿಯ ಗರಿ ಎಲ್ಲಿ ಹೋಯಿತು?

ಮಕ್ಕಳೇ, ಈ ವಾರ ಒಂದು ಪತ್ತೇದಾರಿ ಕೆಲಸದ ಸುದ್ದಿ ಹೇಳುತ್ತೇನೆ. ನಡೆದದ್ದು ನಮ್ಮ ಹಿತ್ತಲಲ್ಲಿ. ಕಾಣೆಯಾದದ್ದು ಚಿನ್ನವಲ್ಲ, ದುಡ್ಡಲ್ಲ, ಗರಿ. ಕಳೆದುಕೊಂಡದ್ದು ಚುಕ್ಕಿ ಎಂಬ ನಾಟಿ ಹೇಂಟೆ.

ನವರಾತ್ರಿ ಕಳೆದು ವಾರವಾಗಿರಲಿಲ್ಲ, ಚುಕ್ಕಿಯ ಕುತ್ತಿಗೆ ಬೋಳಾಯಿತು. ಆಮೇಲೆ ಎದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ದಿಂಬು ಹರಿದು ಸುರಿದ ಹಾಗೆ ಗರಿಗಳು. ಮೊಟ್ಟೆಯೂ ನಿಂತಿತು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು: “ಕೊಕ್ಕರೆ ರೋಗ ಕಣಣ್ಣಾ ಅದು. ಮಿಕ್ಕವಕ್ಕೆ ಅಂಟೋ ಮೊದಲು ಗುರುವಾರದ ಸಂತೆಗೆ ಸಾಗಿಸಿಬಿಡು.”

ಸೊಸೆಗೂ ಅದೇ ಸರಿ ಎನಿಸಿತು. ಮೊಟ್ಟೆ ಮಾರಿದ ದುಡ್ಡೇ ಅವಳ ಕೈಖರ್ಚು, ಇನ್ನೂ ಆರು ಕೋಳಿಗಳು ಗೂಡಿನಲ್ಲಿವೆ. ನಾಲ್ಕನೆಯ ಕ್ಲಾಸಿನ ನಮ್ಮ ಮೊಮ್ಮಗಳ ಮುಖ ಮಾತ್ರ ಬಾಡಿತು. ಚುಕ್ಕಿ ಮರಿಯಾಗಿದ್ದಾಗ ಹುತ್ತದ ಗೆದ್ದಲು ತಂದು ತಿನ್ನಿಸಿದವಳು ಅವಳು. “ನಿಜವಾಗ್ಲೂ ರೋಗವಾ ತಾತಾ?” ಎಂದಳು. ಸಂತೆಗೆ ಮೂರು ದಿನವಿತ್ತು.

ರೋಗವಿದ್ದರೆ ಸಂತೆಗೆ ಒಯ್ಯುವುದು ಇನ್ನೊಬ್ಬರ ಮನೆಗೆ ರೋಗ ಮಾರಿದ ಹಾಗೆ. ಅದಕ್ಕೆ ನಾನು ಒಪ್ಪುವವನಲ್ಲ. ರೋಗವಿಲ್ಲದಿದ್ದರೆ ಒಳ್ಳೆಯ ಕೋಳಿ ಕೈಬಿಟ್ಟ ಹಾಗೆ. ಮೊದಲು ನೋಡೋಣ ಬಾ ಎಂದೆ.

ಕೊಕ್ಕರೆ ರೋಗ ತಗುಲಿದ ಕೋಳಿ ತೂಕಡಿಸುತ್ತದೆ, ಮೇವು ಬಿಡುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಗರಿ ಉದುರುವುದು ಅದರ ಗುರುತಲ್ಲ. ನಮ್ಮ ಚುಕ್ಕಿ ಅರೆಬೋಳು ಮೈಯಲ್ಲೇ ತಿಪ್ಪೆ ಕೆದಕಿ ಹುಳ ಹುಡುಕುತ್ತಿತ್ತು.

ಇನ್ನು, ಎಲ್ಲಿ ಬೋಳಾಗಿದೆ ಎನ್ನುವುದೇ ಅರ್ಧ ಉತ್ತರ. ಬೆನ್ನು ಮತ್ತು ತಲೆಯ ಹಿಂಭಾಗ ಬೋಳಾದರೆ ಅದು ಹುಂಜದ ಕೆಲಸ. ಹೇಂಟೆಯ ಮೇಲೇರಿ ಕಾಲುಗುರು ಊರಿ, ಕೊಕ್ಕಿನಲ್ಲಿ ತಲೆಯ ಗರಿ ಹಿಡಿಯುತ್ತದೆ. ಕಾವಿಗೆ ಕೂತ ಹೇಂಟೆಯಾದರೆ ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ, 21 ದಿನ ಮೈಶಾಖ ನೇರವಾಗಿ ಮೊಟ್ಟೆಗೆ ತಾಗಲಿ ಎಂದು. ಹಿಕ್ಕೆ ಹಾಕುವ ಜಾಗದ ಸುತ್ತ ಉದುರಿದ್ದರೆ ಹೇನಿನ ಮೇಲೆ ಅನುಮಾನ. (ಬೋಳುಕತ್ತಿನ ಜಾತಿಯ ಕೋಳಿ ನಿಮ್ಮಲ್ಲಿದ್ದರೆ ಈ ತನಿಖೆ ಬೇಡ, ಅದು ಹುಟ್ಟಿದ್ದೇ ಹಾಗೆ!) ಚುಕ್ಕಿಯದು ಇದಾವುದೂ ಅಲ್ಲ. ಕುತ್ತಿಗೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತಿತ್ತು.

ಮೊಮ್ಮಗಳು ಬಿದ್ದ ಗರಿಗಳನ್ನು ಆರಿಸಿ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಒಂದೂ ಮುರಿದಿರಲಿಲ್ಲ. ಬುಡ ಒಣಗಿ, ಶುಭ್ರವಾಗಿತ್ತು. ಬೇರೆ ಕೋಳಿ ಕಚ್ಚಿ ತುಂಡರಿಸಿದ್ದರೆ ಮೋಟು ಮೈಯಲ್ಲೇ ಉಳಿಯುತ್ತದೆ. ಉಳಿದ ಗರಿಗಳನ್ನು ಹಿಂದಕ್ಕೆ ಸರಿಸಿ ಬುಡ ನೋಡಿದೆವು. ಹೇನಿದ್ದರೆ ಹುಲ್ಲಿನ ಬಣ್ಣದ ಹುಳ ಸರಸರ ಓಡುತ್ತದೆ, ಬುಡದಲ್ಲಿ ಬಿಳಿ ಮೊಟ್ಟೆಗಳ ಗಂಟು ಕಾಣುತ್ತದೆ. ಇರಲಿಲ್ಲ. ಆದರೆ ಇನ್ನೊಂದು ಕಳ್ಳನಿದೆ: ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರುವ ಕೆಂಪು ನುಸಿ. ಅದಕ್ಕೆ ಊಟವಾದ ಮೇಲೆ ಟಾರ್ಚು ಹಿಡಿದು ಹೊರಟೆವು. ಬಿಳಿ ಬಟ್ಟೆಯಲ್ಲಿ ಸಂದುಗಳನ್ನು ಒತ್ತಿ ಒರೆಸಿದೆವು. ನುಸಿಯಿದ್ದರೆ ಬಟ್ಟೆಗೆ ಕೆಂಪು ಗೆರೆ ಬೀಳುತ್ತದೆ. ನಮ್ಮ ಬಟ್ಟೆಗೆ ಬಿದ್ದದ್ದು ಬರೀ ಧೂಳು.

ಮಾರನೆಯ ದಿನ ರೆಕ್ಕೆ ಬಿಡಿಸಿದೆವು. ಕೋಳಿಯ ರೆಕ್ಕೆಯಲ್ಲಿ ತುದಿಯ ಕಡೆಗೆ 10 ದೊಡ್ಡ ಗರಿ, ಮೈಯ ಕಡೆಗೆ ಇನ್ನೊಂದು ಸಾಲು, ನಡುವೆ ಒಂದೇ ಒಂದು ಗಿಡ್ಡ ಗರಿ ಇರುತ್ತದೆ. ಆ ಗಿಡ್ಡ ಗರಿಯಿಂದ ತುದಿಯ ಕಡೆಗೆ ಎಣಿಸು ಎಂದೆ. ಮೊದಲ ಮೂರು ಇಲ್ಲ. ಒಂದನೆಯದರ ಜಾಗದಲ್ಲಿ ಮುಳ್ಳುಹಂದಿಯ ಮುಳ್ಳಿನಂಥ ಎಳೆ ಗರಿ ಮೂಡುತ್ತಿದೆ. ಇನ್ನೊಂದು ರೆಕ್ಕೆಯಲ್ಲೂ ತದ್ರೂಪು ಹಾಗೇ. “ಎರಡೂ ಕಡೆ ಲೆಕ್ಕ ಹಾಕಿ ಕಿತ್ತಂಗಿದೆ ತಾತಾ!” ಎಂದಳು. ಅದೇ ಸುಳಿವು. ಹೇನಿಗೂ ನುಸಿಗೂ ಇಷ್ಟು ಗಣಿತ ಬರುವುದಿಲ್ಲ.

ಚುಕ್ಕಿ ಹಳೆಯ ಅಂಗಿ ಕಳಚಿ ಹೊಸದು ಹೊಲಿಸಿಕೊಳ್ಳುತ್ತಿತ್ತು, ಅಷ್ಟೇ. ಬೆಳೆದ ಕೋಳಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹೀಗೆ ಗರಿ ಬದಲಿಸುತ್ತವೆ. ಮೊದಲ ಸರದಿ ಸುಮಾರು ಒಂದೂವರೆ ವರ್ಷಕ್ಕೆ. ಚುಕ್ಕಿ ಮೊಟ್ಟೆಯೊಡೆದು ಬಂದದ್ದು ಹೋದ ವರ್ಷದ ಯುಗಾದಿ ಹೊತ್ತಿಗೆ. ಲೆಕ್ಕ ಕೂಡಿತು. ಕರೆ ಕೊಡುವುದು ಹಗಲಿನ ಬೆಳಕು. ನಮ್ಮ ಕಡೆ ಜೂನ್ ಕೊನೆಯ ಹಗಲಿಗಿಂತ ಡಿಸೆಂಬರ್ ಕೊನೆಯ ಹಗಲು ಸುಮಾರು ಒಂದೂವರೆ ಗಂಟೆ ಚಿಕ್ಕದು. ಹಗಲು ಕುಗ್ಗುತ್ತಿರುವುದು ಕೋಳಿಯ ಮೈಗೆ ತಿಳಿಯುತ್ತದೆ.

“ಮೊಟ್ಟೆ ಯಾಕೆ ನಿಂತಿತು ಮಾವ ಮತ್ತೆ?” ಎಂದು ಸೊಸೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಗರಿಯ ತೂಕದಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚು ಪ್ರೋಟೀನು. ನಮ್ಮ ಕೂದಲು, ಉಗುರು ಇರುವಂಥದೇ ಕೆರಾಟಿನ್. ಮೊಟ್ಟೆಗೂ ಪ್ರೋಟೀನು ಬೇಕು. ಒಂದೇ ಹೊಟ್ಟೆ ಎರಡು ಸಂಸಾರ ಹೇಗೆ ನಡೆಸೀತು? ಬರೀ ಅಕ್ಕಿ ನುಚ್ಚು ಈಗ ಸಾಲದು. ಕಡಲೆಕಾಯಿ ಹಿಂಡಿ, ಒಣ ಮೀನಿನ ಪುಡಿ, ಗೆದ್ದಲು ಕೊಡಬೇಕು.

ಅಷ್ಟರಲ್ಲಿ ಹೊಸ ತಕರಾರು. ಎಳೆ ಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ತಾಗಿದರೆ ನೋವು, ಮುರಿದರೆ ರಕ್ತ. ಕೆಂಪು ಕಂಡರೆ ಉಳಿದ ಕೋಳಿಗಳು ಬಿಡುವುದಿಲ್ಲ, ಕುಕ್ಕಿ ಕುಕ್ಕಿ ಗಾಯ ಮಾಡುತ್ತವೆ. ಬುಧವಾರ ಬೆಳಿಗ್ಗೆ ಕರಿ ಹೇಂಟೆ ಚುಕ್ಕಿಯ ಬಾಲದ ಬುಡಕ್ಕೆ ಎರಡು ಸಲ ಕುಕ್ಕಿದ್ದನ್ನು ಮೊಮ್ಮಗಳು ನೋಡಿದಳು. ಚುಕ್ಕಿಗೆ ದೊಡ್ಡ ಮಂಕರಿಯೊಂದು ಬೇರೆ ಮನೆಯಾಯಿತು. ಅದನ್ನು ಎತ್ತಿ ಮುದ್ದಾಡುವುದು ಬಂದ್. ಮೊಮ್ಮಗಳಿಗೆ ಕಷ್ಟವಾದದ್ದು ಅದೊಂದೇ.

ಗುರುವಾರ ಸೊಸೆ ಸಂತೆಗೆ ಹೋದಳು, ನುಗ್ಗೆಕಾಯಿ ಮಾರಲು. ಬರುವಾಗ ಒಣ ಮೀನಿನ ಪುಡಿ ತಂದಳು.

ಗರಿ ತುಂಬಲು ಎರಡು ಮೂರು ತಿಂಗಳು ಬೇಕು. ದೀಪಾವಳಿ ಹೊತ್ತಿಗೆ ಕುತ್ತಿಗೆಗೆ ಹೊಸ ಹೊಳಪು ಬಂದಿದೆ, ಬಾಲ ಇನ್ನೂ ಮೋಟು, ಮೊಟ್ಟೆ ಸುದ್ದಿಯಿಲ್ಲ. ಮೊನ್ನೆ ಪಕ್ಕದ ಮನೆಯ ಅಜ್ಜಿ ತಮ್ಮ ಹೇಂಟೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. “ಇದರ ರೆಕ್ಕೆಯನ್ನೂ ಒಸಿ ಎಣಿಸವ್ವಾ.” ಮೊಮ್ಮಗಳು ರೆಕ್ಕೆ ಮುಟ್ಟಲಿಲ್ಲ. ಬೆನ್ನು ನೋಡಿದಳು, ತಲೆಯ ಹಿಂದೆ ನೋಡಿದಳು.

“ಅಜ್ಜಿ, ನಿಮ್ಮನೇಲಿ ಹುಂಜ ಎಷ್ಟಿವೆ?”