ಬೇರು ಕುಡಿಯೋ ನೀರು ಅಳೆಯಿರಿ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇವೆ. ಹೊಡೆದ ಔಷಧಿ ಎಷ್ಟು ಉಳಿದಿದೆ ಅನ್ನೋ ಸುದ್ದಿಯೇ ಇಲ್ಲ! (ಅದರಲ್ಲಿರೋ ಸಾವಯವ ಇಂಗಾಲ ಬೇರೆ ಮಾತು.)

ಕಾಸರಗೋಡಿನ ಗೇರುತೋಪಿಗೆ 2000ನೇ ಇಸವಿವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಇಂಥ ವಿಷ ಬಹುಪಾಲು ಮಣ್ಣಿಗೇ ಅಂಟಿರುತ್ತೆ. ಆದರೆ ಮಣ್ಣಿನ ಕಣಗಳ ನಡುವಿನ ನೀರಿಗೆ ಕರಗಿದ್ದೇ ಬೇರಿಗೆ, ಎರೆಹುಳಕ್ಕೆ ಸುಲಭವಾಗಿ ಸೇರೋದು. ಅಳೆಯೋ ದಾರಿ ಇದೆ: ತೆಳು ಪಾಲಿಥಿನ್ ಪಟ್ಟಿಯನ್ನು ಒದ್ದೆ ಮಣ್ಣಲ್ಲೋ ಕೆರೆ ಹೂಳಲ್ಲೋ ಕೆಲವು ವಾರ ಹೂತಿಟ್ಟು, ಅದು ಹೀರಿದ ವಿಷವನ್ನು ಪ್ರಯೋಗಾಲಯದಲ್ಲಿ ಲೆಕ್ಕ ಹಾಕ್ತಾರೆ.

ಚನ್ನಗಿರಿ ಅಡಿಕೆಗೆ, ಹೊನ್ನಾಳಿ-ನ್ಯಾಮತಿ ಭತ್ತಕ್ಕೆ, ಜಗಳೂರು ಮೆಕ್ಕೆಜೋಳಕ್ಕೆ ಸಾಲ ತಂದು ಹೊಡೆಯೋರು ನಾವು. ಔಷಧಿಗೆ ಬೆಲೆ ಕಟ್ಟೋದು ಕಂಪನಿ. ಉಳಿಕೆ ಅಳೆಯೋ ಖರ್ಚನ್ನೂ ಅದೇ ಕಟ್ಟಲಿ. ಚೀಟಿಗೆ 13ನೇ ಕಲಂ ಬರಲಿ!