ದೆವ್ವ ಮೆಟ್ಟಿಲ್ಲ, ಟಿಕೆಟ್ ತಗೊಂಡು ಹೋಗಿದ್ವಿ

ನಮ್ಮ ಹೆಣ್ಮಕ್ಕಳ ಬಳಗದಲ್ಲಿ ಎರಡು ತಿಂಗಳಿಂದ ಒಂದು ಮಾತು ಓಡಾಡ್ತೈತೆ. ಮೂರು ಮನೆ ಸುತ್ತಿ ನನ್ನ ಕಿವಿಗೂ ಬಂತು. "ಬೆಂಗ್ಳೂರಿಗೆ ಹೋಗಿ ಆ ಕಿರುಚೋ ಹಾಡು ಕೇಳಿ ಕೇಳಿ ಅವಳಿಗೆ ದೇವ್ರೇ ಇಲ್ಲ ಅನ್ನೋ ಬುದ್ಧಿ ಬಂದೈತೆ, ಈಗ ಮಗಳನ್ನೂ ಕರ್ಕೊಂಡು ಹೋಗಿ ಕೆಡಿಸ್ತಾವಳೆ" ಅಂತ. ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಅದರ ಬಾಲಕ್ಕೆ ಇನ್ನೊಂದು ಸೇರ್ಕೊಂಡೈತೆ: ಮಗಳಿಗೆ ಏನೋ ಸೋಕೈತೆ, ಬರೋ ಅಮಾವಾಸ್ಯೆಗೆ ಒಬ್ಬರ ಹತ್ರ ಕರ್ಕೊಂಡು ಹೋಗಿ ಬಿಡಿಸ್ಕೊಂಡು ಬರಾನ, ಅವಳ ಅಮ್ಮಂಗೆ ಹೇಳೋದು ಬ್ಯಾಡ. ಹೇಳೋದು ಬ್ಯಾಡ ಅಂದ ಮಾತು ನನಗೇ ಬಂದು ಮುಟ್ಟಿತು ನೋಡ್ರಿ, ಅದು ನಮ್ಮೂರು. ಅದಕ್ಕೇ ಎಲ್ಲರೂ ಓದೋ ಕಡೆ ಬರೀತಾ ಇದೀನಿ. ಅತ್ತೆ, ಅತ್ತಿಗೆ, ದೊಡ್ಡಮ್ಮ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾಡ್ಕೊಂಡ್ರೂ ಪೂರ್ತಿ ಓದಿ ಮಾಡ್ಕೊಳ್ರಿ.

ಮೊದ್ಲು ಹಾಡಿನ ಮ್ಯಾಲಿನ ಆಪಾದನೆ. ನನಗೆ ದೇವರ ಬಗ್ಗೆ ಅನುಮಾನ ಹುಟ್ಟಿದ್ದು ಬೆಂಗ್ಳೂರಿನ ಅರಮನೆ ಮೈದಾನದಲ್ಲಿ ಅಲ್ಲ. ಐಮಂಗಲದಲ್ಲಿ, ನಮ್ಮಪ್ಪನ ಹೊಲದಲ್ಲಿ, ಬೋರ್ ಕೊರೆಯೋ ಲಾರಿ ಪಕ್ಕ ನಿಂತಾಗ. 2001ರಿಂದ ಮೂರು ವರ್ಷ ಮಳೆ ಕೈ ಕೊಟ್ಟಿದ್ದು ನಿಮಗೆಲ್ಲ ನೆನಪೈತೆ. ಕಡ್ಲೆಕಾಯಿ ಬಿತ್ತಿದ ಬೀಜನೂ ವಾಪಸ್ ಬರಲಿಲ್ಲ. ಅಪ್ಪ ಬೋರ್ ಹಾಕ್ಸಿದ್ರು. ತೆಂಗಿನಕಾಯಿ ಅಂಗೈ ಮ್ಯಾಲೆ ಇಟ್ಕೊಂಡು ನೀರು ನೋಡೋರು ಬಂದು ಜಾಗ ತೋರಿಸಿದ್ರು, ಲಾರಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಆತು, ಅವ್ವ ಒಂದೊತ್ತು ಇದ್ಲು. ನೀರು ಬರಲಿಲ್ಲ, ಬಿಳಿ ಧೂಳು ಬಂತು. ಒಂದಲ್ಲ, ನಾಕು ಸಲ. ಐದನೇದಕ್ಕೆ ಒಂದಿಂಚು ನೀರು ಬಂತು, ಅಪ್ಪ ಹೊಲದಾಗೇ ಅಡ್ಡಬಿದ್ದು "ಸ್ವಾಮಿ ಕಣ್ಣು ಬಿಟ್ಟ" ಅಂದ್ರು. ಆರು ತಿಂಗಳಿಗೆ ಅದೂ ಬತ್ತಿತು. ಆಗ ಅಪ್ಪ ಅಂದಿದ್ದು, "ನಮ್ಮ ಕರ್ಮ."

ನಾನು ಆವತ್ತಿಂದ ಕೇಳ್ತಾ ಬಂದಿರೋದು ಇಷ್ಟೇ. ಬಂದ್ರೆ ದೇವರ ದಯೆ, ಬರದಿದ್ರೆ ನಮ್ಮ ಕರ್ಮ. ಹಂಗಾದ್ರೆ ದೇವ್ರು ಸೋಲೋದು ಯಾವಾಗ? ಎರಡು ಕಡೆನೂ ಒಬ್ಬನೇ ಗೆಲ್ಲೋ ಆಟಕ್ಕೆ ನಮ್ಮಪ್ಪ ಒಡವೆ ಅಡ ಇಟ್ಟು ಕೂತಿದ್ರು. ಹೈವೇನಲ್ಲಿ ಬಸ್ಸು ಮಗುಚಿದಾಗ ಬದುಕಿದೋರು "ದೇವ್ರು ಉಳಿಸಿದ" ಅಂತಾರೆ. ಸತ್ತೋರ ಮನೆಯೋರು ಏನನ್ನಬೇಕು? ಗುದ್ದಿದ ಲಾರಿಯ ಗಾಜಿನ ಮುಂದೂ ಹೂವು ಹಾಕಿದ ದೇವರ ಫೋಟೋ ಇತ್ತಲ್ಲ. ಈ ಪ್ರಶ್ನೆ ಕೇಳಕ್ಕೆ ಗಿಟಾರು ಬೇಕಾಗಿಲ್ಲ ಕಣ್ರಮ್ಮ, ನಮ್ಮೂರ ಬಸ್ ಸ್ಟಾಂಡಿನಲ್ಲಿ ಅರ್ಧ ಗಂಟೆ ಕೂತ್ರೆ ಸಾಕು.

"2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, ಅದು ಮಾರಮ್ಮನ ದಯೆ ಅಲ್ವೇನೆ" ಅಂತ ಅತ್ತಿಗೆ ಕೇಳ್ತಾರೆ. ಬಿದ್ದಿದ್ದು ನಿಜ. ನಾನೂ ನೋಡಕ್ಕೆ ಹೋಗಿದ್ದೆ, ಅತ್ತೂ ಬಿಟ್ಟೆ. 1933ರಲ್ಲಿ ತುಂಬಿದ ಮ್ಯಾಲೆ 89 ವರ್ಷಕ್ಕೆ ತುಂಬಿತು, ಆಮ್ಯಾಲೆ 2025ರ ಜನವರಿಯಲ್ಲಿ ಇನ್ನೊಂದ್ಸಲ. ಆದ್ರೆ ಆ ನೀರಿನ ಹಿಂದೆ ಒಳ್ಳೆ ಮಳೆ ಐತೆ, ಭದ್ರಾದಿಂದ ಪಂಪು ಇಟ್ಟು ಎತ್ತಿ ವೇದಾವತಿಗೆ ಬಿಟ್ಟ ನೀರೂ ಐತೆ. ಆ ನೀರಿಗೋಸ್ಕರ ಈ ಜಿಲ್ಲೆ ಜನ ಎಷ್ಟು ವರ್ಷ ರಸ್ತೇಲಿ ಕೂತ್ರು, ಎಷ್ಟು ಸಲ ಬಂದ್ ಮಾಡಿದ್ರು. ಬಾಗಿನ ಬಿಡುವಾಗ ಅವರ ಹೆಸರು ಯಾರೂ ಎತ್ತಲಿಲ್ಲ. ಮಾರಮ್ಮನೇ ತುಂಬಿಸಿದ್ರೆ ನಡುವೆ 89 ವರ್ಷ ಎಲ್ಲಿಗೆ ಹೋಗಿದ್ಲು?

ಇನ್ನೊಂದು, ಆ ಡ್ಯಾಮಿನ ಹೆಸರು ವಾಣಿ ವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ಕ್ಕೆ ಮುಗೀತು. ಶುರುವಾದಾಗ ಮೈಸೂರು ರಾಜ್ಯ ಆಳ್ತಿದ್ದೋಳು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿ ವಿಲಾಸ ಸನ್ನಿಧಾನ. 1894ರಲ್ಲಿ ಗಂಡ ತೀರ್ಕೊಂಡು, ಮಗ ಇನ್ನೂ ಚಿಕ್ಕೋನು ಅಂತ ರಾಜ್ಯ ನೋಡ್ಕೊಂಡ ಹೆಂಗಸು. ಗಂಡ ಇಲ್ಲದೋಳು ಎದುರಿಗೆ ಬಂದ್ರೆ ಅಪಶಕುನ ಅಂತ ನಮ್ಮ ಚಿಕ್ಕಮ್ಮನ್ನ ಮದುವೆ ಚಪ್ಪರದಲ್ಲಿ ಹಿಂದಕ್ಕೆ ಕೂರಿಸಿದ್ರಲ್ಲ, ಅವತ್ತು ಅಡಿಗೆಗೆ ತಂದ ನೀರು ಯಾರ ಹೆಸರಿಂದು ಅಂತ ಒಬ್ಬರೂ ಯೋಚನೆ ಮಾಡಲಿಲ್ಲ.

ನಮ್ಮ ಕನ್ನಡದಲ್ಲೇ ಇದನ್ನೆಲ್ಲ ಕೇಳಿದ ದೊಡ್ಡೋರು ಅದಾರೆ. ಗೌರಿಬಿದನೂರು ಕಡೆಯ ಹೆಚ್. ನರಸಿಂಹಯ್ಯ ಖಾದಿ ಉಟ್ಕೊಂಡು, ಮದುವೆ ಇಲ್ಲದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ ಬದುಕಿದೋರು. ಬೆಂಗ್ಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ ನಿಜವೋ ಸುಳ್ಳೋ ಪರೀಕ್ಷೆ ಮಾಡಾನ ಅಂತ ಒಂದು ಸಮಿತಿನೇ ಮಾಡಿದ್ರು. ಎ.ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 'ದೇವರು' ಅನ್ನೋ ಪುಸ್ತಕ ತಂದ್ರು. ಸಾಯೋ ವಯಸ್ಸಿಗೆ ಎಲ್ಲರೂ ದೇವರ ಕಡೆ ತಿರುಗ್ತಾರೆ ಅಂತೀವಲ್ಲ, ಆ ವಯಸ್ಸಿನಲ್ಲಿ ಆ ಅಜ್ಜ ಕೂತು ನಿಧಾನಕ್ಕೆ, ಬಯ್ಯದೆ, ಒಂದೊಂದೇ ಪ್ರಶ್ನೆ ಕೇಳಿದಾರೆ. ಪಂಪ ಪ್ರಶಸ್ತಿನೂ ಬಂತು ಅದಕ್ಕೆ. ಇವರಿಬ್ಬರೂ ಹೆವಿ ಮೆಟಲ್ ಕೇಳಿ ಕೆಟ್ಟೋರಾ? ಮೂರ್ತಿರಾಯರು ಅರಮನೆ ಮೈದಾನದಲ್ಲಿ ತಲೆ ಆಡಿಸಿದ್ದನ್ನ ಯಾರೂ ಕಂಡಿಲ್ಲ.

ನಾನು ಹಾಡು ಕೇಳಕ್ಕೆ ಮೊದಲ ಸಲ ಹೋಗಿದ್ದು 2011ರ ಅಕ್ಟೋಬರ್ 30, ಭಾನುವಾರ. ಮೆಟಾಲಿಕಾ ಅಂತ ಅಮೆರಿಕದ ತಂಡ. ತಮ್ಮನ ಫ್ರೆಂಡು ಬರಲಿಲ್ಲ, ಟಿಕೆಟ್ ವ್ಯರ್ಥ ಆಗುತ್ತೆ ಅಂತ ನನ್ನ ಕರ್ಕೊಂಡು ಹೋದ. (ಹಾಳಾಗಬಾರದು ಅಂತ ನಾವು ಏನೇನು ತಿಂತೀವಿ, ಎಲ್ಲೆಲ್ಲಿಗೆ ಹೋಗ್ತೀವಿ ಅಂತ ಬೇರೆ ಒಂದು ಲೇಖನವೇ ಬರೀಬಹುದು.) ಅಷ್ಟೊತ್ತಿಗೆ ನನ್ನ ಅನುಮಾನಕ್ಕೆ ಹತ್ತತ್ರ ಹತ್ತು ವರ್ಷ ವಯಸ್ಸಾಗಿತ್ತು. ಲೆಕ್ಕ ನೀವೇ ಹಾಕ್ರಿ.

ಅಲ್ಲಿ ಕಂಡಿದ್ದೇನು ಗೊತ್ತಾ? ನಮ್ಮ ಜಾತ್ರೆ. ಉರುಮೆ ಹೊಟ್ಟೆ ಒಳಗೆ ನಡುಗಿಸುತ್ತಲ್ಲ, ಹಂಗೇ ಡ್ರಮ್ಮು, ಅದನ್ನ ಎರಡೂ ಕಾಲಲ್ಲಿ ಒಂದೇ ಸಮ ತುಳಿದು ಬಾರಿಸ್ತಾರೆ. ಮಾರಮ್ಮ ಮೈದುಂಬಿದೋರು ಕೂದಲು ಬಿಚ್ಚಿ ತಲೆ ಆಡಿಸ್ತಾರಲ್ಲ, ಅಲ್ಲಿನ ಹುಡುಗ್ರೂ ಹಂಗೇ ಆಡಿಸ್ತಾರೆ, ಅದಕ್ಕೆ ಹೆಡ್‌ಬ್ಯಾಂಗಿಂಗ್ ಅಂತ ಹೆಸರು. ಜಾತ್ರೇಲಿ ಮಾಡಿದ್ರೆ ಕೈ ಮುಗಿದು ಅರಿಶಿಣ ಹಚ್ತೀರಿ. ಮೈದಾನದಲ್ಲಿ ಮಾಡಿದ್ರೆ ಡ್ರಗ್ಸು ಅಂತೀರಿ. ನನಗೆ ಕಂಡ ವ್ಯತ್ಯಾಸ ಒಂದೇ: ಅಲ್ಲಿ ತಲೆ ಆಡಿಸಿದೋನು ಆಮ್ಯಾಲೆ ಯಾರಿಗೂ "ನಿನ್ನ ಮನೇಲಿ ದೋಷ ಐತೆ, ಕುರಿ ಕೊಡು" ಅಂತ ಹೇಳಲಿಲ್ಲ. ಬೆವರು ಒರೆಸ್ಕೊಂಡು ಬಸ್ ಹತ್ತಿದ.

ಮಗಳ ಕರೀ ಟೀ ಶರ್ಟಿನ ಮ್ಯಾಲಿನ ಅಸ್ಥಿಪಂಜರ ಎಲ್ಲರ ಕಣ್ಣಿಗೂ ಬಿದ್ದೈತೆ. ಅದು ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ತಂಡದ ಗೊಂಬೆ, ಎಡ್ಡಿ ಅಂತ. ಆ ತಂಡ 2007ರ ಮಾರ್ಚ್ 17ಕ್ಕೇ ಬೆಂಗ್ಳೂರಿಗೆ ಬಂದು ಹೋಗೈತೆ. ನಮ್ಮ ದೇವರ ಮನೇಲಿರೋ ಕಾಳಿ ಪಟದಲ್ಲಿ ರುಂಡಮಾಲೆ ಐತೆ, ಕೈಲಿ ಕಡಿದ ತಲೆ ಐತೆ, ರಕ್ತ ಸೋರ್ತೈತೆ. ಅದರ ಮುಂದೆ ಊದುಬತ್ತಿ ಹಚ್ಚಿ ಬಂದು ಎಡ್ಡಿನ ನೋಡಿ ಹೆದರ್ತೀರಿ. ಇನ್ನು ಸೈತಾನ ಅನ್ನೋನು ನಮ್ಮ ಕಥೆಗಳಲ್ಲಿ ಇಲ್ಲವೇ ಇಲ್ಲ, ಅವನು ಬೇರೆ ಧರ್ಮದ ಕಥೆಯೋನು. ಇಲ್ಲದೋನು ನಮ್ಮ ಹುಡುಗಿಗೆ ಹೆಂಗೆ ಮೆಟ್ತಾನೆ?

ಈಗ ಕೈಸನ್ನೆ ವಿಷಯ. ತೋರುಬೆರಳು, ಕಿರುಬೆರಳು ಎರಡು ಎತ್ತಿ ಮಗಳು ಫೋಟೋ ತೆಗೆಸ್ಕೊಂಡಳಲ್ಲ, ಅದನ್ನ ನೋಡಿ "ದೆವ್ವದ ಕೊಂಬು" ಅಂತ ಯಾರೋ ಹೇಳಿದ್ರಂತೆ. ಅದನ್ನ ಮೆಟಲ್ ಹಾಡಿಗೆ ತಂದೋನು ರೋನಿ ಜೇಮ್ಸ್ ಡಿಯೋ ಅನ್ನೋ ಗಾಯಕ. 1979ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡ ಸೇರ್ಕೊಂಡೋನು. ಅವನು ಅದನ್ನ ಕಲ್ತಿದ್ದು ಇಟಲಿ ಮೂಲದ ಅವನ ಅಜ್ಜಿಯಿಂದ. ಅಜ್ಜಿ ಅದನ್ನ ಮಾಡ್ತಿದ್ದಿದ್ದು ಯಾಕೆ? ಕೆಟ್ಟ ಕಣ್ಣು ತಗಲಬಾರದು ಅಂತ! ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಿದ್ಲಲ್ಲ, ಅದೇ ಕೆಲಸ. ನಂಬದೆ ಇರೋ ನಾನು ಅದನ್ನ ದೃಷ್ಟಿ ತೆಗೆಯೋ ಸನ್ನೆ ಅಂತ ನಿಮಗೆ ಹೇಳ್ಕೊಡಬೇಕು, ನಂಬೋ ನೀವು ದೆವ್ವ ಅಂತ ಕೂಗಬೇಕು.

ಆ ಬ್ಲ್ಯಾಕ್ ಸಬ್ಬತ್ ಹುಡುಗರು ಬರ್ಮಿಂಗ್‌ಹ್ಯಾಮ್ ಅನ್ನೋ ಕಾರ್ಖಾನೆ ಊರಿನೋರು. ಗಿಟಾರ್ ಬಾರಿಸೋ ಟೋನಿ ಅಯೋಮಿ ತಗಡಿನ ಕಾರ್ಖಾನೇಲಿ ಕೆಲಸ ಮಾಡುವಾಗ ಎರಡು ಬೆರಳ ತುದಿ ಮೆಷಿನ್ನಿಗೆ ಕೊಟ್ಟೋನು. ಪ್ಲಾಸ್ಟಿಕ್ಕಿನ ತುದಿ ತಾನೇ ಮಾಡ್ಕೊಂಡು, ತಂತಿ ಸಡಿಲ ಮಾಡಿ ಬಾರಿಸಕ್ಕೆ ಕಲ್ತ. ಆ ಭಾರದ ಸದ್ದು ಹುಟ್ಟೋದರಲ್ಲಿ ಅದರದ್ದೂ ಪಾಲೈತೆ. ಅವರು ಕೊರಳಿಗೆ ಹಾಕ್ಕೊಂತಿದ್ದ ಶಿಲುಬೆ ಗಾಯಕ ಓಜಿಯ ಅಪ್ಪ ಮಾಡಿಕೊಟ್ಟಿದ್ದು. ಐರನ್ ಮೇಡನ್ನಿನ ಡ್ರಮ್ಮು ಬಾರಿಸ್ತಿದ್ದ ನಿಕೋ ಮೆಕ್‌ಬ್ರೇನ್, ಮೆಗಾಡೆತ್ ತಂಡದ ಡೇವ್ ಮಸ್ಟೇನ್, ಇಬ್ಬರೂ ಯೇಸುವನ್ನ ಗಟ್ಟಿಯಾಗಿ ನಂಬೋರು. ದಿನಾ ಆ ಹಾಡು ಬಾರಿಸೋರ ಭಕ್ತಿನೇ ಹೋಗದಿದ್ದಾಗ, ವರ್ಷಕ್ಕೊಂದ್ಸಲ ಕೇಳೋ ನನ್ನ ಭಕ್ತಿ ಅದರಿಂದ ಹೋತಾ?

ಅಲ್ಲಿ ಎಲ್ಲ ಚಿನ್ನ ಅಂತ ನಾನೇನು ಹೇಳಲ್ಲ. ಬಿಯರ್ ಮಾರ್ತಾರೆ, ಕುಡಿದು ತೂರಾಡೋರೂ ಇರ್ತಾರೆ. 2011ರಲ್ಲಿ ನಾವು ಹೋದ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಅದೇ ತಂಡದ ಕಾರ್ಯಕ್ರಮ ನಿಂತು ಹೋಗಿ, ಜನ ಸಿಟ್ಟಿಗೆದ್ದು ವೇದಿಕೆ ಮುರಿದ್ರು. ಸದ್ದಂತೂ ಕಿವಿಗೆ ಒಳ್ಳೇದಲ್ಲ. 85 ಡೆಸಿಬಲ್ ಸದ್ದಾದ್ರೆ ದಿನಕ್ಕೆ ಎಂಟು ಗಂಟೆ ತನಕ ಪರವಾಗಿಲ್ಲ ಅಂತಾರೆ, 100 ಆದ್ರೆ ಬರೀ ಕಾಲು ಗಂಟೆ. ಅದಕ್ಕೇ ನಾನೂ ಮಗಳೂ ಕಿವಿಗೆ ಬಿರಡೆ ಹಾಕ್ಕೊಂಡೇ ನಿಲ್ಲೋದು, ನೂರು ರೂಪಾಯಿಯೊಳಗೆ ಮೆಡಿಕಲ್ ಅಂಗಡೀಲಿ ಸಿಗ್ತಾವೆ. ಗಣಪತಿ ಬಿಡೋ ದಿನ ಡಿಜೆ ಗಾಡಿ ಮುಂದೆ ಎರಡು ವರ್ಷದ ಕೂಸನ್ನ ಎತ್ಕೊಂಡು ನಿಲ್ತೀರಲ್ಲ, ಆ ಕೂಸಿಗೂ ಹಾಕ್ರಿ.

ನನಗೆ ಅಲ್ಲಿ ಹಿಡಿಸಿದ್ದು ಗೇಟಿನ ಹತ್ರ. ಟಿಕೆಟ್ ಕೇಳಿದ್ರು, ಬ್ಯಾಗ್ ನೋಡಿದ್ರು, ಅಷ್ಟೇ. ಯಾವ ಜಾತಿ ಅಂತ ಕೇಳಲಿಲ್ಲ. ಗಂಡ ಬಂದಿಲ್ವಾ ಅಂತ ಕೇಳಲಿಲ್ಲ. ಆವತ್ತು ನನಗೆ ಮುಟ್ಟಿನ ಎರಡನೇ ದಿನ, ಅದನ್ನೂ ಯಾರೂ ಕೇಳಲಿಲ್ಲ. ನಮ್ಮ ಕಡೆ ಹಟ್ಟಿಗಳಲ್ಲಿ ಇವತ್ತಿಗೂ ಕೆಲವು ಕಡೆ ಮುಟ್ಟಾದೋರು, ಬಾಣಂತಿಯರು ಊರ ಹೊರಗೆ ಗುಡಿಸಲಲ್ಲಿ ಇರಬೇಕು, ದೇವರಿಗೆ ಸೂತಕ ಆಗುತ್ತೆ ಅಂತ. 2023ರ ಜುಲೈನಲ್ಲಿ ತುಮಕೂರು ಹತ್ರ ಮಲ್ಲೇನಹಳ್ಳಿ ಗೊಲ್ಲರಹಟ್ಟೀಲಿ ಹಂಗೆ ಮಳೆ ಚಳಿಯಲ್ಲಿ ಹೊರಗಿಟ್ಟ ಬಾಣಂತಿಯ ಹಸಿಕೂಸು ಸತ್ತೋತು. ಆ ಸುದ್ದಿ ಓದಿದ ದಿನ ನೀವೆಲ್ಲ "ಪಾಪ" ಅಂದ್ರಿ. ಹಾಡು ಕೇಳಿದ್ದಕ್ಕೆ ಸಿಟ್ಟು, ಕೂಸು ಸತ್ತಿದ್ದಕ್ಕೆ ಬರೀ ಪಾಪ. ಹೆಂಗ್ರಮ್ಮ ಇದು?

ಹಂಗಂತ ನಾನು ದೇವ್ರು ಇಲ್ಲ ಅಂತ ಡಂಗುರ ಹೊಡೀತಿಲ್ಲ. ಗೊತ್ತಿಲ್ಲ ಅಂತೀನಿ. ಗೊತ್ತಿಲ್ಲ ಅನ್ನೋದು ಇಲ್ಲ ಅನ್ನೋದಕ್ಕಿಂತ ನಿಮಗೆ ಹೆಚ್ಚು ಸಿಟ್ಟು ತರಿಸುತ್ತೆ, ಅದನ್ನ ಗಮನಿಸಿದೀನಿ. ಯುಗಾದಿಗೆ ನನ್ನ ಕೈಯ ಹೋಳಿಗೆನೇ ಬೇಕು ಅಂತೀರಿ, ಮಾಡ್ತೀನಿ. ಅತ್ತೆಗೆ ಮಂಡಿ ನೋವು, ದೀಪಕ್ಕೆ ಎಣ್ಣೆ ನಾನೇ ಹಾಕ್ತೀನಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೂ ಬರ್ತೀನಿ. ಆ ಸೀಮೇಲಿ ಐದು ಕೆರೆ ಕಟ್ಟಿಸಿದೋರು ಅವರು ಅಂತಾರೆ, ಬರದ ನಾಡಲ್ಲಿ ಕೆರೆ ಕಟ್ಟಿಸಿದ ಮನುಷ್ಯಂಗೆ ಕೈ ಮುಗಿಯಕ್ಕೆ ನನಗೇನು ಅನುಮಾನ ಇಲ್ಲ. ಕೊಬ್ಬರಿ ಸುಡೋದು ಮಾತ್ರ ನನ್ನ ಕೈಲಿ ಆಗಲ್ಲ, ಕೆಜಿ ಎಷ್ಟಾಗೈತೆ ಅಂತ ನೋಡಿದೀರಾ?

ಇನ್ನು ಅಮಾವಾಸ್ಯೆ ವಿಷಯಕ್ಕೆ ಬರ್ತೀನಿ. ಮಗಳು ಮಾತು ಕಡಿಮೆ ಮಾಡೈತೆ, ಬಾಗಿಲು ಹಾಕ್ಕೊಂಡು ಕೂರ್ತೈತೆ, ಅದಕ್ಕೇ ಸೋಕೈತೆ ಅಂತೀರಂತೆ. ಸೆಕೆಂಡ್ ಪಿಯುಸಿ ಸೈನ್ಸು ತಗೊಂಡ ಯಾವ ಹುಡುಗಿ ಹಾಡ್ಕೊಂಡು ಓಡಾಡ್ತಾಳೆ? ನೀವು ಹೇಳೋ ಆ ಮನುಷ್ಯ ಏನೇನು ಮಾಡ್ತಾನೆ ಅಂತ ನನಗೆ ಗೊತ್ತು. ಬೇವಿನ ಬರಲು ತಗೊಂಡು ಹೊಡೀತಾನೆ, ಮೆಣಸಿನಕಾಯಿ ಹೊಗೆ ಹಾಕ್ತಾನೆ, ಕೂದಲು ಹಿಡಿದು ಹೆಸರು ಹೇಳು ಅಂತಾನೆ. ನಮ್ಮ ಓಣಿಯ ಹುಡುಗಿ ಒಬ್ಬಳು ಹಂಗೆ ಹೋಗಿ ಬಂದ ಮ್ಯಾಲೆ ಇವತ್ತಿಗೂ ಗಂಡಸು ಜೋರಾಗಿ ಕೆಮ್ಮಿದ್ರೆ ಬೆಚ್ಚಿ ಬೀಳ್ತಾಳೆ. ಅವಳಿಗಿದ್ದಿದ್ದು ಫಿಟ್ಸು, ಈಗ ದಿನಾ ಮಾತ್ರೆ ನುಂಗಿ ಚೆನ್ನಾಗವಳೆ.

ಇದಕ್ಕೆ ಕಾನೂನೂ ಐತೆ. ಕರ್ನಾಟಕದಲ್ಲಿ 2017ರಲ್ಲಿ ಮೌಢ್ಯ ನಿಷೇಧದ ಕಾನೂನು ಪಾಸಾತು, 2020ರ ಜನವರಿಯಿಂದ ಜಾರೀಲೈತೆ. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಹಿಂಸೆ ಕೊಡೋದು ಅಪರಾಧ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಇವು ಯಾವೂ ಅದರಲ್ಲಿ ಬರಲ್ಲ, ನಿಮ್ಮ ಭಕ್ತಿಗೆ ಯಾರೂ ಅಡ್ಡ ಬಂದಿಲ್ಲ. ನನ್ನ ಮಗಳ ಮೈ ಮುಟ್ಟಿದ್ರೆ ಮಾತ್ರ ನಾನು ಅಡ್ಡ ಬರ್ತೀನಿ. ನಮ್ಮೂರಲ್ಲೇ ಪೊಲೀಸ್ ತರಬೇತಿ ಶಾಲೆ ಐತೆ, ಪೊಲೀಸರನ್ನ ನೋಡಿದ್ರೆ ನನಗೇನು ಹೆದರಿಕೆ ಆಗಲ್ಲ. ಸಂಬಂಧಿಕರು ಅಂತ ನೋಡಲ್ಲ, ಕಂಪ್ಲೇಂಟ್ ಕೊಡ್ತೀನಿ. ಆಮ್ಯಾಲೆ ಹೇಳಲಿಲ್ಲ ಅನ್ನಬ್ಯಾಡ್ರಿ.

ಅವಳಿಗೆ ದೇವ್ರು ಬೇಕೋ ಬ್ಯಾಡವೋ ಅವಳೇ ನೋಡ್ಕೊಂತಾಳೆ. ಹೋದ ವಾರ ಅವಳೇ ಅಜ್ಜಿ ಜೊತೆ ಹಿರಿಯೂರಿಗೆ ಹೋಗಿ ತೇರುಮಲ್ಲೇಶ್ವರನ ಗುಡೀಲಿ ಕೂತು ಬಂದ್ಲು, ಅದೇ ಎಡ್ಡಿ ಟೀ ಶರ್ಟ್ ಹಾಕ್ಕೊಂಡು. ನಾನೇನೂ ಕೇಳಲಿಲ್ಲ. ಅಮಾವಾಸ್ಯೆ ದಿನ ಮಾತ್ರ ಅವಳು ಎಲ್ಲಿಗೂ ಬರಲ್ಲ. ಆವತ್ತು ಫಿಸಿಕ್ಸ್ ಟೆಸ್ಟ್ ಐತೆ.